ಪುರುಷರ ಸ್ತನವೃದ್ಧಿ ಮತ್ತು ಶಸ್ತ್ರಚಿಕಿತ್ಸೆಯ ಮಾರ್ಗಗಳು: ಕೊಡಗಿನ ಸಂದರ್ಭದಲ್ಲಿ ಒಂದು ಐತಿಹಾಸಿಕ ವಿವೇಚನೆ

ಕೊಡಗಿನ ಆಧುನಿಕ ಇತಿಹಾಸವನ್ನು ಅಭ್ಯಸಿಸುವವರು ಸೈನ್ಯದ ವಿಷಯವನ್ನು ಬಿಟ್ಟು ಮುಂದುವರಿಯುವುದು ಸಾಧ್ಯವಿಲ್ಲ. ೧೯೪೯ರ ಜನವರಿ ೧೫ರಂದು ಭಾರತೀಯ ಸೇನೆಯ ಪ್ರಥಮ ಭಾರತೀಯ ಮಹಾದಂಡನಾಯಕರಾಗಿ ಅಧಿಕಾರ ವಹಿಸಿಕೊಂಡ ಕೆ. ಎಂ. ಕಾರ್ಯಪ್ಪನವರೂ, ೧೯೫೭ರಿಂದ ೧೯೬೧ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದ ಕೆ. ಎಸ್. ತಿಮ್ಮಯ್ಯನವರೂ ಈ ನಾಡಿನವರೇ. ೨೦೦೭ರಲ್ಲಿ ಕೂಡಿಗೆಯಲ್ಲಿ ಸೈನಿಕ ಶಾಲೆಯು ಸ್ಥಾಪಿತವಾದುದೂ ಇದೇ ಪರಂಪರೆಗೆ ಸೇರಿದ ಸಂಗತಿ. ಇಂತಹ ನಾಡಿನಲ್ಲಿ ಸೇನಾ ನೇಮಕಾತಿಯ ವೈದ್ಯಕೀಯ ತಪಾಸಣೆಯೆಂಬುದು ಒಬ್ಬ ತರುಣನ ಸ್ವಂತ ವಿಷಯ ಮಾತ್ರವಾಗಿ ಉಳಿಯದೆ ಇಡೀ ಮನೆತನದ ನಿರೀಕ್ಷೆಯ ವಿಷಯವಾಗುತ್ತದೆ. ಆ ತಪಾಸಣೆಯಲ್ಲಿ ಅಂಗಿ ಕಳಚಿ ನಿಂತ ಅಭ್ಯರ್ಥಿಯನ್ನು ತಡೆದು ನಿಲ್ಲಿಸಬಹುದಾದ ದೇಹಸ್ಥಿತಿಗಳಲ್ಲಿ ಒಂದು, ವೈದ್ಯರು ಗೈನಕೊಮಾಸ್ಟಿಯ ಎಂದು ಕರೆಯುವ ಪುರುಷ ಸ್ತನವೃದ್ಧಿ. ಇದರ ವಿಷಯವಾಗಿ ನಮ್ಮಲ್ಲಿ ಮಾತನಾಡುವವರು ವಿರಳ. ಮುಚ್ಚಿಟ್ಟುಕೊಂಡು ಕೊರಗುವವರು ಹೆಚ್ಚು. ಕಾಲೇಜಿನ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಇದರ ಸ್ವರೂಪವೂ, ಇದಕ್ಕಿರುವ ಶಸ್ತ್ರಚಿಕಿತ್ಸೆಯ ಮಾರ್ಗಗಳೂ, ಆ ಮಾರ್ಗಗಳು ರೂಪುಗೊಂಡ ಬಗೆಯೂ ತಿಳಿದಿರುವುದು ಯುಕ್ತವೆಂದು ಭಾವಿಸಿ ಪ್ರಕೃತ ಲೇಖನವನ್ನು ಸಿದ್ಧಪಡಿಸಿದ್ದೇವೆ. ನಾವು ವೈದ್ಯರಲ್ಲ, ಇತಿಹಾಸದ ಅಧ್ಯಾಪಕರು. ಆದಕಾರಣ ವಿಷಯವನ್ನು ಅದು ಬೆಳೆದುಬಂದ ಕ್ರಮದಲ್ಲಿಯೇ ನೋಡಲೆತ್ನಿಸಿದ್ದೇವೆ.

ಮೊದಲು ಹೆಸರನ್ನೂ ಸ್ವರೂಪವನ್ನೂ ವಿಚಾರಿಸೋಣ. ಗೈನಕೊಮಾಸ್ಟಿಯ ಎಂಬುದು ಹೆಣ್ಣು ಮತ್ತು ಸ್ತನ ಎಂಬ ಅರ್ಥದ ಎರಡು ಗ್ರೀಕ್ ಪದಗಳಿಂದ ಆದದ್ದು, ಕ್ರಿ.ಶ. ಎರಡನೆಯ ಶತಮಾನದ ವೈದ್ಯನಾದ ಗ್ಯಾಲೆನನು ಈ ಮಾತನ್ನು ಬಳಕೆಗೆ ತಂದನೆಂದು ಹೇಳುವುದು ರೂಢಿ. ಪುರುಷನ ಎದೆಯಲ್ಲಿಯೂ ಸ್ತನಗ್ರಂಥಿಯ ಅಂಶವು ಜನ್ಮತಃ ಇದ್ದೇ ಇರುತ್ತದೆ. ಶರೀರದಲ್ಲಿ ಈಸ್ಟ್ರೊಜೆನ್ ಮತ್ತು ಆಂಡ್ರೊಜೆನ್ ಎಂಬ ಎರಡು ಬಗೆಯ ಹಾರ್ಮೋನುಗಳ ನಡುವಣ ಸಮತೋಲ ತಪ್ಪಿ, ಮೊದಲನೆಯದರ ಕೈ ಮೇಲಾದಾಗ ಈ ಗ್ರಂಥಿ ಬೆಳೆಯತೊಡಗುತ್ತದೆ. ನವಜಾತ ಶಿಶುಗಳಲ್ಲಿ ತಾಯಿಯ ಹಾರ್ಮೋನಿನ ಪ್ರಭಾವದಿಂದಲೂ, ಹರೆಯದಲ್ಲಿಯೂ, ವೃದ್ಧಾಪ್ಯದಲ್ಲಿಯೂ ಇದು ಕಾಣಿಸಿಕೊಳ್ಳುವುದು ಸಾಮಾನ್ಯ. ಹರೆಯದ ಸ್ತನವೃದ್ಧಿಯು ಬಹುಮಂದಿಯಲ್ಲಿ ಆರು ತಿಂಗಳಿಂದ ಎರಡು ವರ್ಷಗಳೊಳಗೆ ತಾನಾಗಿಯೇ ಇಳಿದುಹೋಗುತ್ತದೆ. ಗ್ರಂಥಿಯು ಬೆಳೆಯದೆ ಬರಿಯ ಕೊಬ್ಬು ಶೇಖರವಾಗಿ ಎದೆ ಉಬ್ಬಿದಂತೆ ತೋರುವುದೂ ಉಂಟು. ಅದನ್ನು ವೈದ್ಯರು ಬೇರೆಯಾಗಿಯೇ ಎಣಿಸುತ್ತಾರೆ. ತೊಟ್ಟಿನ ಕೆಳಗೆ ಬೆರಳುಗಳ ನಡುವೆ ಹಿಡಿದು ನೋಡಿದರೆ ನಿಜವಾದ ಗ್ರಂಥಿಯು ಗಟ್ಟಿಯಾದ ಬಿಲ್ಲೆಯಂತೆ ಕೈಗೆ ಸಿಕ್ಕುತ್ತದೆ. ಕೊಬ್ಬಾದರೆ ಹಾಗೆ ಸಿಕ್ಕುವುದಿಲ್ಲ. ಮುಂದೆ ಶಸ್ತ್ರದ ಮಾರ್ಗವನ್ನು ಆರಿಸುವಾಗ ಈ ಭೇದವೇ ಪ್ರಧಾನವಾಗುವುದರಿಂದ ಓದುಗರು ಇದನ್ನು ನೆನಪಿನಲ್ಲಿಡಬೇಕು.

ಕಾರಣಗಳು ಬೇರೆಯೂ ಇವೆ. ರಕ್ತದೊತ್ತಡ ಮತ್ತು ಹೃದ್ರೋಗಕ್ಕೆ ಕೊಡುವ ಸ್ಪೈರೊನೊಲ್ಯಾಕ್ಟೋನ್, ಶಿಲೀಂಧ್ರರೋಗಕ್ಕೆ ಕೊಡುವ ಕೀಟೊಕೊನಜೋಲ್, ಮನೋರೋಗದ ಕೆಲವು ಔಷಧಗಳು, ಪಿತ್ತಜನಕಾಂಗದ ಕಾಯಿಲೆ, ಥೈರಾಯ್ಡ್ ಗ್ರಂಥಿಯ ಅತಿಚಟುವಟಿಕೆ, ವೃಷಣದ ಗಡ್ಡೆ ಇವೆಲ್ಲ ಸ್ತನವೃದ್ಧಿಗೆ ಕಾರಣವಾಗಬಲ್ಲವು. ನಮ್ಮ ದೇಶದಲ್ಲಿ ದೀರ್ಘಕಾಲ ಕಾಡಿದ ಕುಷ್ಠರೋಗದ ಒಂದು ಪ್ರಭೇದವು ವೃಷಣಗಳನ್ನು ಕ್ಷೀಣಿಸುವಂತೆ ಮಾಡಿ ಇದನ್ನು ಉಂಟುಮಾಡುತ್ತಿದ್ದುದು ವೈದ್ಯರಿಗೆ ಚೆನ್ನಾಗಿ ಗೊತ್ತಿತ್ತು. ೧೯೪೨ರಲ್ಲಿ ಕ್ಲೈನ್‌ಫೆಲ್ಟರ್ ಎಂಬ ಅಮೆರಿಕನ್ ವೈದ್ಯನು ತನ್ನ ಸಹೋದ್ಯೋಗಿಗಳೊಡನೆ ವರ್ಣಿಸಿದ, ಈಗ ಅವನ ಹೆಸರಿನಿಂದಲೇ ಪ್ರಸಿದ್ಧವಾಗಿರುವ ಸ್ಥಿತಿಯಲ್ಲಿಯೂ ಇದು ಒಂದು ಮುಖ್ಯ ಲಕ್ಷಣ. ಎರಡನೆಯ ಮಹಾಯುದ್ಧದ ಅಂತ್ಯದಲ್ಲಿ ಜಪಾನೀಯರ ಸೆರೆಶಿಬಿರಗಳಿಂದ ಬಿಡುಗಡೆ ಹೊಂದಿದ ಸೈನಿಕರ ವಿಷಯ ಇನ್ನೂ ವಿಚಿತ್ರವಾದುದು. ಉಪವಾಸದಿಂದ ಅಸ್ಥಿಪಂಜರದಂತಾಗಿದ್ದ ಇವರಲ್ಲಿ ಹಲವರಿಗೆ, ಹೊಟ್ಟೆತುಂಬ ಆಹಾರ ದೊರೆಯತೊಡಗಿದ ಮೇಲೆ ಸ್ತನಗಳು ಊದಿಕೊಂಡವು. ಹಸಿವಿನಿಂದ ಅಡಗಿದ್ದ ಹಾರ್ಮೋನುಗಳ ವ್ಯವಸ್ಥೆಯು ಮತ್ತೆ ಎಚ್ಚೆತ್ತು, ಎರಡನೆಯ ಹರೆಯವೊಂದು ಬಂದಂತೆ ಆದುದೇ ಇದಕ್ಕೆ ಕಾರಣವೆಂದು ವೈದ್ಯರು ವಿವರಿಸಿದ್ದಾರೆ.

ಇತಿಹಾಸಕಾರರು ಇಲ್ಲಿ ಎಡವುವ ಸಂಭವವೂ ಉಂಟು. ಈಜಿಪ್ಟಿನ ಅರಸ ಆಖೆನಾಟೆನನ ಶಿಲ್ಪಗಳಲ್ಲಿ ಎದೆಯೂ ಸೊಂಟವೂ ತುಂಬಿಕೊಂಡಿರುವುದನ್ನು ಕಂಡು ಅವನಿಗೆ ಈ ವ್ಯಾಧಿಯಿತ್ತೆಂದು ಬರೆದವರು ಅನೇಕರು. ೨೦೧೦ರಲ್ಲಿ ಪ್ರಕಟವಾದ, ಆ ರಾಜವಂಶದ ಮಮ್ಮಿಗಳ ಪರೀಕ್ಷೆಯು ಈ ಊಹೆಗೆ ಆಧಾರವನ್ನೇನೂ ಒದಗಿಸಲಿಲ್ಲ. ಶಿಲ್ಪಿಯ ಉಳಿಯಿಂದ ರೋಗನಿದಾನ ಮಾಡುವುದು ಅಷ್ಟು ಸುರಕ್ಷಿತವಲ್ಲ.

ಶಸ್ತ್ರಚಿಕಿತ್ಸೆಯ ಸ್ಪಷ್ಟವಾದ ವರ್ಣನೆಯು ನಮಗೆ ದೊರೆಯುವುದು ಏಳನೆಯ ಶತಮಾನದಲ್ಲಿ, ಈಜೈನ ದ್ವೀಪದವನಾಗಿ ಅಲೆಕ್ಸಾಂಡ್ರಿಯದಲ್ಲಿದ್ದ ಪಾಲ್ ಎಂಬ ವೈದ್ಯನ ಗ್ರಂಥದ ಆರನೆಯ ಭಾಗದಲ್ಲಿ. ಅವನು ಹೇಳುವುದರ ಸಾರಾಂಶವಿಷ್ಟು: ಹರೆಯದಲ್ಲಿ ಗಂಡುಮಕ್ಕಳ ಸ್ತನಗಳೂ ಸ್ವಲ್ಪ ಉಬ್ಬುತ್ತವೆ, ಬಹುಪಾಲು ಮತ್ತೆ ಇಳಿಯುತ್ತವೆ, ಕೆಲವರಲ್ಲಿ ಮಾತ್ರ ಇಳಿಯದೆ, ಕೆಳಗೆ ಕೊಬ್ಬು ಕೂಡುತ್ತ ಬೆಳೆಯುತ್ತವೆ, ಇದು ಹೆಣ್ಣಿಗತನದ ನಿಂದೆಯನ್ನು ತರುವುದರಿಂದ ಶಸ್ತ್ರದಿಂದ ಸರಿಪಡಿಸುವುದು ತಕ್ಕುದು. ಸ್ತನದ ಕೆಳಗೆ ಅರ್ಧಚಂದ್ರಾಕಾರವಾಗಿ ಕೊಯ್ದು, ಚರ್ಮವನ್ನು ಬಿಡಿಸಿ, ಕೊಬ್ಬನ್ನು ತೆಗೆದು ಹೊಲಿಯಬೇಕು. ಸ್ತನವು ಜೋತುಬಿದ್ದಿದ್ದರೆ ಎರಡು ಅರ್ಧಚಂದ್ರಗಳನ್ನು ತುದಿಗಳಲ್ಲಿ ಕೂಡುವಂತೆ ಕೊಯ್ದು, ನಡುವಿನ ಚರ್ಮವನ್ನೂ ತೆಗೆದುಹಾಕಬೇಕು. ಸುಮಾರು ಮೂರು ಶತಮಾನಗಳ ಅನಂತರ ಸ್ಪೇನಿನ ಕಾರ್ಡೊವದ ಬಳಿ ಬಾಳಿದ, ೧೦೧೩ರ ಸುಮಾರಿಗೆ ತೀರಿಕೊಂಡ ಅಲ್ ಜಹ್ರಾವಿಯು ತನ್ನ ಅರಬೀ ವೈದ್ಯಕೋಶದ ಶಸ್ತ್ರಚಿಕಿತ್ಸಾ ಭಾಗದಲ್ಲಿ ಇದೇ ಕ್ರಮವನ್ನು ವಿವರಿಸಿದ್ದಾನೆ.

ಈ ಸಂಕ್ಷಿಪ್ತ ವರ್ಣನೆಯಲ್ಲಿ ಮೂರು ಸಂಗತಿಗಳು ನಮ್ಮ ಗಮನವನ್ನು ಸೆಳೆಯುತ್ತವೆ. ಹೆಚ್ಚಿನವರಲ್ಲಿ ಇದು ತಾನಾಗಿಯೇ ಇಳಿಯುತ್ತದೆಂಬ ಅರಿವು ಅಂದೇ ಇತ್ತು. ಹೆಚ್ಚಾದ ಚರ್ಮವುಳ್ಳ ಸ್ತನಕ್ಕೂ ಇಲ್ಲದ ಸ್ತನಕ್ಕೂ ಬೇರೆ ಬೇರೆ ಛೇದವೆಂಬ ವಿವೇಕವೂ ಅಂದೇ ಇತ್ತು. ಮೂರನೆಯದಾಗಿ, ಶಸ್ತ್ರವನ್ನು ಕೈಗೆತ್ತಿಕೊಳ್ಳಲು ಕೊಟ್ಟ ಕಾರಣವು ನೋವಲ್ಲ, ಪ್ರಾಣಭಯವಲ್ಲ; ಲೋಕದ ನಿಂದೆ. ಆ ಕಾರಣವು ಇಂದಿಗೂ ಬದಲಾಗಿಲ್ಲವೆಂದೇ ನಮ್ಮ ಅಭಿಪ್ರಾಯ. ಬದಲಾದದ್ದು ಕೊಯ್ಯುವ ಸ್ಥಳ ಮತ್ತು ಒಳಗೆ ಉಳಿಸುವ ಪ್ರಮಾಣ. ಎದೆಯ ಮೇಲೆ ಉದ್ದವಾದ ಕಲೆಯನ್ನು ಬಿಟ್ಟು ಹೋಗುವ ಛೇದವು ಒಂದು ನಿಂದೆಯನ್ನು ಕಳೆದು ಇನ್ನೊಂದನ್ನು ತಂದಂತೆ; ಈ ಕಲೆಯನ್ನು ಎಲ್ಲಿ ಅಡಗಿಸಬೇಕೆಂಬ ಪ್ರಯತ್ನವೇ ಇಪ್ಪತ್ತನೆಯ ಶತಮಾನದ ಕಥೆ.

ಮಾನರಕ್ಷಣೆಗಾಗಿ ಶಸ್ತ್ರಚಿಕಿತ್ಸೆ ಎಂಬುದು ನಮ್ಮ ಪ್ರಾಂತದ ಇತಿಹಾಸಕ್ಕೂ ಅಪರಿಚಿತವಲ್ಲ. ಮೂರನೆಯ ಮೈಸೂರು ಯುದ್ಧದಲ್ಲಿ ಕೊಡಗಿನ ದೊಡ್ಡವೀರರಾಜೇಂದ್ರನು ಇಂಗ್ಲಿಷರ ಪಕ್ಷ ವಹಿಸಿ, ಅಬರ್‌ಕ್ರಾಂಬಿಯ ಮುಂಬಯಿ ಸೈನ್ಯವು ತನ್ನ ರಾಜ್ಯದ ಮೂಲಕ ಶ್ರೀರಂಗಪಟ್ಟಣದ ಕಡೆಗೆ ಸಾಗಲು ದಾರಿಮಾಡಿಕೊಟ್ಟುದು ಸುಪ್ರಸಿದ್ಧ. ಅದೇ ಯುದ್ಧದಲ್ಲಿ ಇಂಗ್ಲಿಷ್ ಸೈನ್ಯದ ಎತ್ತಿನ ಗಾಡಿ ಹೊಡೆಯುತ್ತಿದ್ದ ಕೌಸಜಿ ಎಂಬ ಮರಾಠಿಗನು ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನು. ಪುಣೆಯ ಬಳಿಯ ಕುಶಲಿಯೊಬ್ಬನು ಹಣೆಯ ಚರ್ಮವನ್ನು ತಿರುಗಿಸಿ ಅವನಿಗೆ ಹೊಸ ಮೂಗನ್ನು ಕಟ್ಟಿಕೊಟ್ಟನು. ಈ ವರದಿಯು ೧೭೯೪ರ ಅಕ್ಟೋಬರ್ ತಿಂಗಳಲ್ಲಿ ಲಂಡನ್ನಿನ ಜೆಂಟಲ್‌ಮನ್ಸ್ ಮ್ಯಾಗಜೀನ್ ಪತ್ರಿಕೆಯಲ್ಲಿ ಅಚ್ಚಾಯಿತು; ಅದರಿಂದ ಪ್ರೇರಿತನಾದ ಕಾರ್ಪ್ಯೂ ಎಂಬ ಶಸ್ತ್ರವೈದ್ಯನು ೧೮೧೪ರಲ್ಲಿ ಲಂಡನ್ನಿನಲ್ಲಿ ಅದೇ ಕ್ರಮವನ್ನು ಅನುಸರಿಸಿದನು. ಇಂದು ಸ್ತನವೃದ್ಧಿಗೆ ಚಿಕಿತ್ಸೆ ಮಾಡುವ ಪ್ಲಾಸ್ಟಿಕ್ ಸರ್ಜರಿ ಎಂಬ ಶಾಖೆಯು ಯುರೋಪಿನಲ್ಲಿ ಮತ್ತೆ ಚಿಗುರಿದ್ದು ಈ ಘಟನೆಯ ಅನಂತರ. ಮುಖ್ಯ ವಿಷಯದಿಂದ ಸ್ವಲ್ಪ ದೂರ ಸರಿದೆವಾದರೂ, ವೈದ್ಯಶಾಸ್ತ್ರದ ಇತಿಹಾಸವನ್ನು ಕೇವಲ ಪಾಶ್ಚಾತ್ಯರ ಸ್ವತ್ತೆಂದು ತಿಳಿಯುವ ವಿದ್ಯಾರ್ಥಿಗಳಿಗೆ ಈ ಮಾತನ್ನು ಹೇಳಬೇಕಾಗಿತ್ತು.

ಇಪ್ಪತ್ತನೆಯ ಶತಮಾನಕ್ಕೆ ಬಂದರೆ, ೧೯೨೮ರಲ್ಲಿ ಫ್ರಾನ್ಸಿನ ದುಫುರ್‌ಮಾಂತೆಲನು ಮೊಲೆತೊಟ್ಟಿನ ಸುತ್ತಲಿನ ಕಪ್ಪು ವರ್ತುಲದ ಅಂಚಿನಲ್ಲಿಯೇ ಕೊಯ್ಯುವ ವಿಧಾನವನ್ನು ವರ್ಣಿಸಿದನು. ೧೯೪೬ರಲ್ಲಿ ನ್ಯೂಯಾರ್ಕಿನ ಜೆರೋಮ್ ವೆಬ್‌ಸ್ಟರನು ಪುರುಷ ಸ್ತನವೃದ್ಧಿಗೆಂದೇ ವರ್ತುಲದೊಳಗಿನ ಅರ್ಧವೃತ್ತಾಕಾರದ ಛೇದವನ್ನು ಪ್ರಕಟಿಸಿದ ಮೇಲೆ ಅದೇ ಪ್ರಮಾಣವಾಗಿ ನಿಂತಿತು. ಇದರ ಯುಕ್ತಿ ಸರಳವಾದುದು. ವರ್ತುಲದ ಬಣ್ಣಕ್ಕೂ ಸುತ್ತಲಿನ ಚರ್ಮದ ಬಣ್ಣಕ್ಕೂ ವ್ಯತ್ಯಾಸವಿರುವ ಆ ಗಡಿಯಲ್ಲಿ ಬಿದ್ದ ಕಲೆಯು ಕಣ್ಣಿಗೆ ಬೀಳುವುದಿಲ್ಲ. ಅಲ್ಲಿಂದ ಚರ್ಮದ ಕೆಳಗೆ ಹೋಗಿ ಗ್ರಂಥಿಯನ್ನು ಸುತ್ತಲಿನ ಕೊಬ್ಬಿನಿಂದಲೂ ಕೆಳಗಿನ ಸ್ನಾಯುವಿನ ಹೊದಿಕೆಯಿಂದಲೂ ಬೇರ್ಪಡಿಸಿ ಹೊರತೆಗೆಯುತ್ತಾರೆ. ಆದರೆ ಗ್ರಂಥಿಯನ್ನು ಸಮೂಲವಾಗಿ ತೆಗೆದರೆ ತೊಟ್ಟು ಒಳಗೆ ಕುಸಿದು ಎದೆಯಲ್ಲಿ ತಟ್ಟೆಯಂತಹ ಗುಳಿ ಬೀಳುತ್ತದೆ; ತೊಟ್ಟಿಗೆ ರಕ್ತಸಂಚಾರವೂ ಕುಂದಬಹುದು. ಆದುದರಿಂದ ಸುಮಾರು ಒಂದು ಸೆಂಟಿಮೀಟರ್ ದಪ್ಪದ ಬಿಲ್ಲೆಯೊಂದನ್ನು ತೊಟ್ಟಿನ ಕೆಳಗೆ ಉದ್ದೇಶಪೂರ್ವಕವಾಗಿ ಉಳಿಸುವರು. ನೋಡಲು ಅಲ್ಪವಾದ ಈ ಸಂಗತಿಯಲ್ಲಿಯೇ ಶಸ್ತ್ರವೈದ್ಯನ ನೈಪುಣ್ಯವು ಬಹುಮಟ್ಟಿಗೆ ಅಡಗಿದೆ. ಎಲ್ಲವನ್ನೂ ತೆಗೆದುಬಿಡಿ ಎಂದು ಒತ್ತಾಯಿಸುವ ರೋಗಿಯು ಇದನ್ನು ತಿಳಿದಿದ್ದರೆ ಒಳಿತು.

ಎರಡನೆಯ ಮಾರ್ಗವು ಕೊಬ್ಬನ್ನು ನಳಿಕೆಯಿಂದ ಹೀರಿ ತೆಗೆಯುವುದು. ೧೯೨೦ರ ದಶಕದಲ್ಲಿ ಪ್ಯಾರಿಸಿನಲ್ಲಿ ನರ್ತಕಿಯೊಬ್ಬಳ ಕಾಲಿನ ಕೊಬ್ಬನ್ನು ಹರಿತವಾದ ಉಪಕರಣದಿಂದ ಕೆರೆದು ತೆಗೆಯಲು ಹೋಗಿ, ಕಾಲು ಕೊಳೆತು ಅದನ್ನೇ ಕತ್ತರಿಸಬೇಕಾಗಿ ಬಂದ ದುರಂತದ ಅನಂತರ ಈ ಕಲ್ಪನೆಯನ್ನು ಬಹುಕಾಲ ಯಾರೂ ಮುಟ್ಟಲಿಲ್ಲ. ೧೯೭೦ರ ದಶಕದಲ್ಲಿ ಇಟಲಿಯ ಫಿಶರ್ ತಂದೆಮಕ್ಕಳೂ ಫ್ರಾನ್ಸಿನ ಇಲ್ಲೂಜನೂ ಇದನ್ನು ಪುನರುಜ್ಜೀವನಗೊಳಿಸಿದರು. ಇಲ್ಲೂಜನು ಮೊಂಡು ತುದಿಯ ನಳಿಕೆಯನ್ನು ಬಳಸಿದ್ದರಿಂದ ರಕ್ತನಾಳಗಳಿಗೂ ನರಗಳಿಗೂ ಆಗುವ ಹಾನಿ ಕಡಿಮೆಯಾಯಿತು. ೧೯೮೩ರಲ್ಲಿ ತೈಮೂರಿಯನ್ ಮತ್ತು ಪರ್ಲ್‌ಮನ್ ಎಂಬವರು ಈ ಹೀರುವಿಕೆಯನ್ನೂ ಗ್ರಂಥಿಯ ಛೇದನವನ್ನೂ ಕೂಡಿಸಿ ಪುರುಷ ಸ್ತನವೃದ್ಧಿಗೆ ಪ್ರಯೋಗಿಸಿದರು. ೧೯೮೭ರಲ್ಲಿ ಕ್ಲೈನ್ ಎಂಬ ಚರ್ಮವೈದ್ಯನು, ಅರಿವಳಿಕೆಯ ಔಷಧವನ್ನೂ ರಕ್ತನಾಳಗಳನ್ನು ಸಂಕುಚಿತಗೊಳಿಸುವ ಔಷಧವನ್ನೂ ಹೆಚ್ಚಿನ ದ್ರವದಲ್ಲಿ ಬೆರೆಸಿ ಕೊಬ್ಬಿನೊಳಕ್ಕೆ ತುಂಬುವ ಕ್ರಮವನ್ನು ಪ್ರಕಟಿಸಿದ ಮೇಲೆ ರಕ್ತಸ್ರಾವವು ಬಹಳ ತಗ್ಗಿತು. ಈಗ ಮೂರು ನಾಲ್ಕು ಮಿಲಿಮೀಟರಿನ ರಂಧ್ರವೊಂದರಿಂದಲೇ ಈ ಕೆಲಸ ನಡೆಯುತ್ತದೆ. ಆದರೆ ನಾರುಗಟ್ಟಿದ ಗ್ರಂಥಿಯು ನಳಿಕೆಗೆ ಸುಲಭವಾಗಿ ಜಗ್ಗುವುದಿಲ್ಲ. ಬರಿಯ ಕೊಬ್ಬಿದ್ದವರಿಗೆ ಹೀರುವಿಕೆಯೇ ಸಾಕು. ಬರಿಯ ಗ್ರಂಥಿಯಿದ್ದ ತೆಳುದೇಹಿಗೆ ವೆಬ್‌ಸ್ಟರನ ಛೇದವೇ ಯುಕ್ತ. ಎರಡೂ ಕೂಡಿದ್ದಲ್ಲಿ, ಹೆಚ್ಚಿನವರ ಸ್ಥಿತಿ ಇದೇ, ಮೊದಲು ಕೊಬ್ಬನ್ನು ಹೀರಿ ಅನಂತರ ಗ್ರಂಥಿಯನ್ನು ಚಿಕ್ಕ ಛೇದದಿಂದ ಎಳೆದು ತೆಗೆಯುವರು.

ಉಳಿದದ್ದು ಚರ್ಮದ ಪ್ರಶ್ನೆ. ೧೯೭೩ರಲ್ಲಿ ಸೈಮನ್ ಮತ್ತು ಅವನ ಸಂಗಡಿಗರು ಮಾಡಿದ ವರ್ಗೀಕರಣವು ಈ ಪ್ರಶ್ನೆಯನ್ನೇ ಆಧಾರವಾಗಿಟ್ಟುಕೊಂಡಿದೆ. ಅಲ್ಪವೃದ್ಧಿಯು ಮೊದಲನೆಯ ದರ್ಜೆ. ಮಧ್ಯಮವೃದ್ಧಿಯು ಎರಡನೆಯದು, ಹೆಚ್ಚುವರಿ ಚರ್ಮ ಇಲ್ಲದಿರುವುದು ಮತ್ತು ಇರುವುದು ಎಂದು ಇದರಲ್ಲಿ ಎರಡು ಉಪಭೇದಗಳು. ಹೆಂಗಸರ ಸ್ತನದಂತೆ ಜೋತುಬಿದ್ದದ್ದು ಮೂರನೆಯದು. ಏಳನೆಯ ಶತಮಾನದ ಪಾಲ್ ಮಾಡಿದ ವಿಭಾಗವೇ ಇಲ್ಲಿ ಶಾಸ್ತ್ರೀಯ ರೂಪವನ್ನು ಪಡೆದಿದೆ ಎಂದರೆ ಅತಿಶಯೋಕ್ತಿಯಾಗಲಾರದು. ಮೊದಲ ದರ್ಜೆಗಳಲ್ಲಿ ಚರ್ಮಕ್ಕೆ ಕೈ ಹಚ್ಚುವ ಅಗತ್ಯವಿಲ್ಲ. ತರುಣರ ಚರ್ಮವು ಆರು ತಿಂಗಳು, ವರ್ಷದೊಳಗೆ ತಾನೇ ಕುಗ್ಗಿ ಎದೆಗೆ ಅಂಟಿಕೊಳ್ಳುತ್ತದೆ. ಆದುದರಿಂದ ಸಂದೇಹವಿದ್ದಲ್ಲಿ ಚರ್ಮವನ್ನು ಅಂದೇ ಕತ್ತರಿಸದೆ ಕಾದುನೋಡುವುದೇ ವಿವೇಕವೆಂದು ಅನೇಕ ಶಸ್ತ್ರವೈದ್ಯರು ಭಾವಿಸುತ್ತಾರೆ. ಮೂರನೆಯ ದರ್ಜೆಯಲ್ಲಿ, ವಿಶೇಷವಾಗಿ ಬಹಳ ದಪ್ಪವಿದ್ದು ಇಳಿದವರಲ್ಲಿ, ಚರ್ಮವನ್ನು ತೆಗೆಯಲೇಬೇಕಾಗುತ್ತದೆ. ಆಗ ತೊಟ್ಟನ್ನು ರಕ್ತನಾಳಗಳ ಸಮೇತ ಮೇಲಕ್ಕೆ ಸರಿಸುವುದುಂಟು; ಅಥವಾ ೧೯೨೨ರಲ್ಲಿ ಷಿಕಾಗೋದ ಥೋರೆಕನು ಹೆಂಗಸರ ಸ್ತನಗಳ ವಿಷಯದಲ್ಲಿ ವರ್ಣಿಸಿದಂತೆ, ತೊಟ್ಟನ್ನು ಪೂರ್ತಿಯಾಗಿ ಬಿಡಿಸಿ ಹೊಸ ಸ್ಥಳದಲ್ಲಿ ನಾಟಿ ಮಾಡುವುದುಂಟು. ಎರಡನೆಯ ಕ್ರಮದಲ್ಲಿ ತೊಟ್ಟಿನ ಸ್ಪರ್ಶಜ್ಞಾನವು ಬಹುಮಟ್ಟಿಗೆ ಹೋಗುತ್ತದೆ, ಕಲೆಯೂ ಉದ್ದವಾಗಿಯೇ ಉಳಿಯುತ್ತದೆ.

ತೊಡಕುಗಳನ್ನು ಮರೆಮಾಚುವಂತಿಲ್ಲ. ಒಳಗೆ ರಕ್ತ ಶೇಖರವಾಗುವುದು ಸರ್ವಸಾಮಾನ್ಯವಾದ ತೊಡಕು; ನೀರು ತುಂಬುವುದು, ಎರಡು ಎದೆಗಳೂ ಸಮವಾಗದಿರುವುದು, ಮೇಲೆ ಹೇಳಿದ ಗುಳಿ, ತೊಟ್ಟು ಜೋಮುಗಟ್ಟುವುದು, ವಿರಳವಾಗಿ ತೊಟ್ಟೇ ನಶಿಸುವುದು ಇವು ಉಳಿದವು. ಎದೆಯ ನಡುಭಾಗದ ಚರ್ಮದಲ್ಲಿ, ಅದರಲ್ಲಿಯೂ ನಮ್ಮಂತಹ ಕಪ್ಪುಮೈಬಣ್ಣದವರಲ್ಲಿ, ಗಾಯದ ಕಲೆಯು ಉಬ್ಬಿ ಗಂಟಾಗುವ ಪ್ರವೃತ್ತಿ ಹೆಚ್ಚು. ತೆಗೆದ ಅಂಗಾಂಶವನ್ನು ಪರೀಕ್ಷೆಗೆ ಕಳುಹಿಸುವುದು ಒಳ್ಳೆಯ ಪದ್ಧತಿ. ಸ್ತನದ ಕ್ಯಾನ್ಸರುಗಳಲ್ಲಿ ಪುರುಷರ ಪಾಲು ಶೇಕಡ ಒಂದರಷ್ಟಿದ್ದರೂ ಅದು ಇಲ್ಲವೇ ಇಲ್ಲವೆಂದಲ್ಲ. ಒಂದೇ ಕಡೆ ಗಟ್ಟಿಯಾದ ಗಂಟು, ತೊಟ್ಟಿನಿಂದ ರಕ್ತ, ಚರ್ಮದ ಎಳೆತ ಕಂಡವರು ಸೌಂದರ್ಯದ ಮಾತನ್ನು ಬದಿಗಿಟ್ಟು ತತ್‌ಕ್ಷಣ ವೈದ್ಯರನ್ನು ಕಾಣಬೇಕು.

ಇನ್ನು ಕೊಡಗಿನ ವಿಷಯಕ್ಕೆ ಮರಳೋಣ. ಇಲ್ಲಿಯ ತರುಣನ ಕಷ್ಟವು ಕಾಲಕ್ಕೆ ಸಂಬಂಧಿಸಿದ್ದು. ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ ಸೇರುವವರ ವಯಸ್ಸು ಹದಿನಾರೂವರೆಯಿಂದ ಹತ್ತೊಂಬತ್ತೂವರೆ. ೨೦೨೨ರಲ್ಲಿ ಆರಂಭವಾದ ಅಗ್ನಿಪಥ ಯೋಜನೆಯಲ್ಲಿ ಕನಿಷ್ಠ ವಯಸ್ಸು ಹದಿನೇಳೂವರೆ, ಗರಿಷ್ಠವೂ ಅದಕ್ಕಿಂತ ಬಹಳ ದೂರವಿಲ್ಲ. ಹರೆಯದ ಸ್ತನವೃದ್ಧಿಯು ಇಳಿಯಲು ಪ್ರಕೃತಿಯು ಕೇಳುವ ಕಾಲವೂ ಇದೇ ವರ್ಷಗಳಲ್ಲಿ ಬರುತ್ತದೆ. ಕಾದರೆ ವಯೋಮಿತಿ ಮೀರಬಹುದೆಂಬ ಭಯ, ಆತುರಪಟ್ಟರೆ ತಾನಾಗಿಯೇ ಇಳಿಯುತ್ತಿದ್ದುದಕ್ಕೆ ವೃಥಾ ಕತ್ತಿ. ಹದಿನಾಲ್ಕು ಹದಿನೈದರ ಬಾಲಕನಿಗೆ ಶಸ್ತ್ರಚಿಕಿತ್ಸೆ ಮಾಡಿಸಲು ಹೊರಡುವುದು, ಬೇರೆ ರೋಗವಿಲ್ಲದಿದ್ದರೆ, ಅವಸರವೆಂದೇ ಹೇಳಬೇಕು. ಗ್ರಂಥಿಯ ಬೆಳವಣಿಗೆ ನಿಲ್ಲುವ ಮೊದಲೇ ತೆಗೆದರೆ ಅದು ಮತ್ತೆ ಬೆಳೆಯುವುದೂ ಉಂಟು. ಎರಡು ವರ್ಷ ಕಳೆದರೂ ಇಳಿಯದೆ, ಹದಿನೇಳು ಹದಿನೆಂಟಕ್ಕೆ ಗಟ್ಟಿಯಾಗಿ ಉಳಿದದ್ದು ತಾನಾಗಿ ಹೋಗುವ ಸಂಭವ ಕಡಿಮೆ. ಟ್ಯಾಮಾಕ್ಸಿಫೆನ್ ಮುಂತಾದ ಔಷಧಗಳು ಊತವು ಹೊಸದಾಗಿದ್ದಾಗ ಕೆಲವರಿಗೆ ಗುಣ ತೋರಬಹುದು. ಗ್ರಂಥಿಯು ನಾರುಗಟ್ಟಿದ ಮೇಲೆ ಅವುಗಳಿಂದ ಪ್ರಯೋಜನ ಅತ್ಯಲ್ಪ. ಆಗ ಶಸ್ತ್ರಚಿಕಿತ್ಸೆಯ ವಿಚಾರ ಮಾಡುವುದು ನ್ಯಾಯವಾದದ್ದೇ. ತಪಾಸಣೆಯ ಮುನ್ನಾದಿನಗಳಲ್ಲಿ ಮಾಡಿಸಿಕೊಂಡರೆ ಮಾಗದ ಗಾಯವೇ ಹೊಸ ಅಡ್ಡಿಯಾಗಬಹುದಾದ್ದರಿಂದ, ನೇಮಕಾತಿಯ ಆಯಾ ವರ್ಷದ ನಿಯಮಗಳನ್ನು ಓದಿಕೊಂಡು ಸಾಕಷ್ಟು ಮುಂಚಿತವಾಗಿ ತೀರ್ಮಾನಿಸಬೇಕು.

ಇಲ್ಲಿ ಒಂದು ವಿಪರ್ಯಾಸವನ್ನು ಹೇಳದಿರಲಾರೆವು. ಭರ್ತಿಗೆ ಮೈಕಟ್ಟು ಬೆಳೆಸಬೇಕೆಂದು ವ್ಯಾಯಾಮಶಾಲೆಗೆ ಹೋಗುವ ಹುಡುಗರು ಯಾರದೋ ಮಾತು ಕೇಳಿ ಸ್ಟೆರಾಯ್ಡ್ ಚುಚ್ಚುಮದ್ದುಗಳನ್ನು ತೆಗೆದುಕೊಂಡರೆ, ಅವು ಶರೀರದಲ್ಲಿ ಈಸ್ಟ್ರೊಜೆನ್ನಾಗಿ ಮಾರ್ಪಟ್ಟು ಇದೇ ಸ್ತನವೃದ್ಧಿಯನ್ನು ತರುತ್ತವೆ. ಇನ್ನೊಂದು ಸಂಗತಿ: ೧೯೭೯ರಲ್ಲಿ ನಟ್ಟಾಲ್ ಎಂಬ ಅಮೆರಿಕನ್ ವೈದ್ಯನು ೩೦೬ ಮಂದಿ ಆರೋಗ್ಯವಂತ ಸೈನಿಕರ ಎದೆಯನ್ನು ಪರೀಕ್ಷಿಸಿದಾಗ ಶೇಕಡ ೩೬ ಮಂದಿಯಲ್ಲಿ ಕೈಗೆ ಸಿಕ್ಕುವಷ್ಟು ಗ್ರಂಥಿಯಿತ್ತು. ಸಮವಸ್ತ್ರ ಧರಿಸಿ ಸೇವೆ ಸಲ್ಲಿಸುತ್ತಿದ್ದವರಲ್ಲಿಯೇ ಮೂವರಲ್ಲೊಬ್ಬರಿಗೆ ಇದ್ದದ್ದನ್ನು ಅಪಮಾನವೆಂದು ಎಣಿಸಿ ಹಾಸ್ಟೆಲಿನ ಸ್ನಾನಗೃಹದಲ್ಲಿಯೂ ಅಂಗಿ ಬಿಚ್ಚದೆ ಇರುವ ವಿದ್ಯಾರ್ಥಿಗೆ ಈ ಅಂಕಿಯನ್ನು ತಿಳಿಸುವ ಅಧ್ಯಾಪಕರು ದೊಡ್ಡ ಉಪಕಾರ ಮಾಡಿದಂತಾಗುತ್ತದೆ.

ಚಿಕಿತ್ಸೆಯ ಸೌಕರ್ಯದ ವಿಷಯದಲ್ಲಿ ಕೊಡಗು ಬಹುಕಾಲ ಹೊರಗಿನ ಊರುಗಳನ್ನು ಆಶ್ರಯಿಸಬೇಕಾಗಿತ್ತು. ೧೯೫೬ರ ನವೆಂಬರ್ ೧ರಂದು ಕೊಡಗು ಮೈಸೂರು ರಾಜ್ಯದಲ್ಲಿ ವಿಲೀನಗೊಂಡಾಗ ಇಲ್ಲಿ ವೈದ್ಯಕೀಯ ಕಾಲೇಜು ಇರಲಿಲ್ಲ. ೧೯೨೪ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ ೧೯೩೦ರಲ್ಲಿ ಮೈಸೂರಿಗೆ ಬಂದ ವೈದ್ಯಕೀಯ ಕಾಲೇಜು ಒಂದು ಕಡೆ, ೧೯೫೩ರಲ್ಲಿ ಮಣಿಪಾಲದಲ್ಲಿ ಆರಂಭವಾದ ಕಸ್ತೂರಬಾ ವೈದ್ಯಕೀಯ ಕಾಲೇಜು ಇನ್ನೊಂದು ಕಡೆ. ಮಡಿಕೇರಿಯಲ್ಲಿ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯು ಆರಂಭವಾದದ್ದು ೨೦೧೬ರಲ್ಲಿ. ಕಾರಣವನ್ನು ಪತ್ತೆಹಚ್ಚಲು ಬೇಕಾದ ದೇಹಪರೀಕ್ಷೆ, ರಕ್ತಪರೀಕ್ಷೆ, ವೃಷಣದ ಪರೀಕ್ಷೆ ಇವುಗಳಿಗೆ ಘಟ್ಟ ಇಳಿಯಬೇಕಾಗಿಲ್ಲ. ಪ್ಲಾಸ್ಟಿಕ್ ಸರ್ಜನ್ನರನ್ನು ಕಾಣಬೇಕಾದವರು ಮಾತ್ರ ಸಾಮಾನ್ಯವಾಗಿ ಸುಮಾರು ೧೨೦ ಕಿಲೋಮೀಟರ್ ದೂರದ ಮೈಸೂರಿಗೋ, ಸಂಪಾಜೆ ಘಟ್ಟದ ಮೂಲಕ ಮಂಗಳೂರಿಗೋ ಹೋಗುತ್ತಾರೆ. ಶಸ್ತ್ರಚಿಕಿತ್ಸೆಯ ದಿನವೊಂದೇ ಅಲ್ಲದೆ, ಒಳಗಿನ ದ್ರವವನ್ನು ಹೊರಹರಿಸಲು ಇಟ್ಟ ನಳಿಕೆಯನ್ನು ತೆಗೆಸಲು, ಗಾಯವನ್ನು ತೋರಿಸಲು ಮತ್ತೆ ಮತ್ತೆ ಹೋಗಬೇಕಾಗುತ್ತದೆ. ೨೦೧೮ರ ಆಗಸ್ಟಿನ ಭೂಕುಸಿತಗಳಲ್ಲಿ ಸಂಪಾಜೆಯ ದಾರಿ ಕಡಿದುಹೋದುದನ್ನು ನೆನೆದರೆ ಮಳೆಗಾಲದಲ್ಲಿ ಇದನ್ನು ಇಟ್ಟುಕೊಳ್ಳದಿರುವುದು ಲೇಸೆನಿಸುತ್ತದೆ. ಅಲ್ಲದೆ ಚಿಕಿತ್ಸೆಯ ಅನಂತರ ನಾಲ್ಕರಿಂದ ಆರು ವಾರಗಳ ಕಾಲ ಎದೆಯನ್ನು ಬಿಗಿಯಾಗಿ ಒತ್ತಿ ಹಿಡಿಯುವ ಒಳ‌ಅಂಗಿಯನ್ನು ಹಗಲಿರುಳು ಧರಿಸಬೇಕು. ಜೂನ್ ಜುಲೈ ತಿಂಗಳುಗಳಲ್ಲಿ ಒಗೆದ ಬಟ್ಟೆ ಒಣಗಿಸುವುದು ಇಲ್ಲಿ ಎಷ್ಟು ಕಷ್ಟವೆಂಬುದನ್ನು ಕೊಡಗಿನವರಿಗೆ ಹೇಳಬೇಕಾದುದಿಲ್ಲ. ಭಾರ ಎತ್ತುವ ಕೆಲಸವೂ ಓಟವೂ ಅಷ್ಟು ದಿನ ನಿಷಿದ್ಧ. ಆದ್ದರಿಂದ ತೋಟದ ಮನೆಗಳವರು ಕಾಫಿಯ ಕೊಯ್ಲು ಮುಗಿದು, ಮೊದಲ ಮಳೆ ಹಿಡಿಯುವುದಕ್ಕೆ ಮುಂಚಿನ ಏಪ್ರಿಲ್ ತಿಂಗಳ ಸುಮಾರಿನಲ್ಲಿ ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಪಡಿಸಿಕೊಂಡರೆ ಅನುಕೂಲ. ಕಾಲೇಜಿನ ಹುಡುಗರಿಗೆ ಪರೀಕ್ಷೆ ಮುಗಿದು ರಜೆ ದೊರೆಯುವುದೂ ಸಾಮಾನ್ಯವಾಗಿ ಅದರ ಆಸುಪಾಸಿನಲ್ಲಿಯೇ.